ಪೆಂಡಾಲ್ ಕರೆಂಟು, ನಮ್ಮ ಕೀಬೋರ್ಡು, ಚಿಕ್ಕ ಪವರ್ ಕಂಡಿಷನರ್: ಮೇಷ್ಟ್ರ ಜೊತೆ ಪ್ರಶ್ನೋತ್ತರ

ಅಡ್ಮಿನ್: ಗಣೇಶನ ಹಬ್ಬದ ಕಾರ್ಯಕ್ರಮಗಳು ಶುರುವಾಗುತ್ತಿವೆ. ಬ್ಯಾಗಿನಲ್ಲಿ ಹಿಡಿಸುವ ಪವರ್ ಕಂಡಿಷನರ್ ಯಾವುದು ತಗೋಬೇಕು ಅಂತ ತುಂಬಾ ಜನ ಕೇಳಿದ್ದೀರಿ. ನಮ್ಮ ಮೇಷ್ಟ್ರು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಪಾಠ ಹೇಳುವವರು, ವೇದಿಕೆಗಳ ಕರೆಂಟ್ ಕೆಲಸವನ್ನೂ ಮಾಡುವವರು. ಇವತ್ತು ಪೂರ್ತಿ ಉತ್ತರ ಕೊಡುತ್ತಾರೆ. ಊರು, ವಾದ್ಯ ಹೇಳಿ ಪ್ರಶ್ನೆ ಹಾಕಿ.

ಕೀಬೋರ್ಡ್, ಹಾಸನ: ನಮಸ್ಕಾರ ಮೇಷ್ಟ್ರೇ. ನಮ್ಮದು ಐದು ಜನರ ತಂಡ. ಎರಡು ಕೀಬೋರ್ಡ್, ರಿದಮ್ ಪ್ಯಾಡ್, ಗಿಟಾರ್ ಪ್ರೊಸೆಸರ್, ಲ್ಯಾಪ್‌ಟಾಪ್, ಚಿಕ್ಕ ಡಿಜಿಟಲ್ ಮಿಕ್ಸರ್. ಆಂಪ್ಲಿಫೈಯರ್, ಸ್ಪೀಕರ್ ಎಲ್ಲ ಮೈಕ್ ಸೆಟ್‌ನವರದ್ದು. ಹೋದ ಜಾತ್ರೆಯಲ್ಲಿ ಲೈನಿನಿಂದ ಜನರೇಟರಿಗೆ ಬದಲಾಯಿಸುವಾಗ ಒಂದು ಅಡಾಪ್ಟರ್ ಸುಟ್ಟಿತು. ಕಂಡಿಷನರ್ ಸಾಕಾ, ಸ್ಟೆಬಿಲೈಸರ್ ಬೇಕಾ?

ಮೇಷ್ಟ್ರು: ಮೊದಲು ಲೋಡ್ ಕೂಡಿಸಿ. ಪ್ರತಿ ಅಡಾಪ್ಟರ್ ಮೇಲೆ ವ್ಯಾಟ್ ಬರೆದಿರುತ್ತದೆ. ನೀವು ಹೇಳಿದ್ದೆಲ್ಲ ಸೇರಿದರೂ 300 ವ್ಯಾಟ್ ದಾಟುವುದು ಕಷ್ಟ. 230 ವೋಲ್ಟಿನಲ್ಲಿ ಅದು ಸುಮಾರು 1.3 ಆಂಪಿಯರ್ ಅಷ್ಟೆ. ಹಾಗಾಗಿ 10 ಆಂಪಿಯರಿನ ಚಿಕ್ಕ ಪೆಟ್ಟಿಗೆ ಧಾರಾಳ ಸಾಕು. ಪವರ್ ಆಂಪ್ಲಿಫೈಯರನ್ನು ಮಾತ್ರ ಅದಕ್ಕೆ ಹಾಕಬೇಡಿ.

ಈಗ ಆ ಪೆಟ್ಟಿಗೆ ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ಕಂಡಿಷನರ್ ಅಂತ ಮಾರುವುದರಲ್ಲಿ ಹೆಚ್ಚಿನವು ವೋಲ್ಟೇಜ್ ಸರಿ ಮಾಡುವುದಿಲ್ಲ. 180 ಬಂದರೆ ಹೊರಗೂ 180 ಬರುತ್ತದೆ. ಕ್ಷಣಮಾತ್ರದ ಸರ್ಜ್ (ವೋಲ್ಟೇಜಿನ ದಿಢೀರ್ ಹೊಡೆತ) ನುಂಗುತ್ತವೆ, ಲೈನಿನ ಕಿರಿಕಿರಿಯನ್ನು ಸ್ವಲ್ಪ ಸೋಸುತ್ತವೆ, ಸಾಕೆಟ್ ಹಂಚುತ್ತವೆ. ವೋಲ್ಟೇಜ್ ಕಡಿಮೆ ಆಗುವುದು ನಿಮಗೆ ದೊಡ್ಡ ಸಮಸ್ಯೆಯಲ್ಲ. ಅಡಾಪ್ಟರ್ ಮೇಲೆ 100–240 ಅಂತ ಇದ್ದರೆ ಅದು ತಾನೇ ಸುಧಾರಿಸಿಕೊಳ್ಳುತ್ತದೆ.

ಸುಡುವುದು ಜಾಸ್ತಿ ಬಂದಾಗ. ಪೆಂಡಾಲಿಗೆ ತ್ರೀ ಫೇಸ್ ಬಂದಿರುತ್ತದೆ. ಎಲ್ಲೋ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಹೋದರೆ, ಹೆಚ್ಚು ಲೋಡ್ ಇರುವ ಲೈಟಿನ ಫೇಸಿನಲ್ಲಿ ವೋಲ್ಟೇಜ್ ಬೀಳುತ್ತದೆ, ಕಡಿಮೆ ಲೋಡಿನ ನಿಮ್ಮ ಫೇಸಿನಲ್ಲಿ ಏರುತ್ತದೆ. 300 ದಾಟಿ 400ರ ಹತ್ತಿರಕ್ಕೂ ಹೋಗಬಹುದು. ಸರ್ಜ್ ತಡೆಯುವ ವೇರಿಸ್ಟರ್ ಇದಕ್ಕೆ ಅಲ್ಲ. ಅದು ಮಿಂಚಿನಂಥ ಹೊಡೆತವನ್ನು ಒಂದು ಕ್ಷಣ ತಾಳುತ್ತದೆ. ನಿರಂತರ 350 ವೋಲ್ಟ್ ಬಂದರೆ ಅದೇ ಹೊತ್ತಿಕೊಳ್ಳುತ್ತದೆ.

ಆದ್ದರಿಂದ ಕೊಳ್ಳುವಾಗ ಒಂದನ್ನು ಕೇಳಿ: ವೋಲ್ಟೇಜ್ ಜಾಸ್ತಿ ಆದರೆ ಇದು ತಾನೇ ಕಟ್ ಆಗುತ್ತದಾ? ಇಲ್ಲ ಅಂದರೆ ಅದು ಬೆಲೆ ಜಾಸ್ತಿ ಇರುವ ಎಕ್ಸ್‌ಟೆನ್ಷನ್ ಬೋರ್ಡ್. ಕಟ್ ಆಗುವ ಕಂಡಿಷನರ್ ಸಿಗದಿದ್ದರೆ, ಮೀಟರ್ ಬೋರ್ಡಿನಲ್ಲಿ ಕೂರಿಸುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಸಿಗುತ್ತದೆ. ಅದನ್ನು ಲೋಡ್ ಜಾಸ್ತಿ ಆದರೆ ಕಟ್ ಆಗುವ ಒಂದು ಎಂಸಿಬಿ, ಕರೆಂಟ್ ಅರ್ಥಿಗೆ ಸೋರಿದರೆ ಕಟ್ ಆಗುವ ಒಂದು 30 ಮಿಲಿಆಂಪಿಯರ್ ಆರ್‌ಸಿಸಿಬಿ ಜೊತೆ ಚಿಕ್ಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ವೈರ್‌ಮ್ಯಾನ್ ಕೈಲಿ ಕೂರಿಸಿಕೊಳ್ಳಿ. ಲೈನಿನಿಂದ ಮೊದಲು ಈ ಡಬ್ಬಿ, ಆಮೇಲೆ ಕಂಡಿಷನರ್. ಜನರೇಟರ್ ಬದಲಾಯಿಸುವಾಗ ಎಲ್ಲ ಆಫ್ ಮಾಡಿ. ಅದರ ಓಟ ಸ್ಥಿರವಾದ ಮೇಲೆ ಆನ್ ಮಾಡಿ.

ಕೀಬೋರ್ಡ್, ಹಾಸನ: ತುಂಬಾ ಧನ್ಯವಾದ ಮೇಷ್ಟ್ರೇ. ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ.

ಡ್ರಮ್ಸ್, ಬೆಳಗಾವಿ: ಅಕ್ಕ ನ್ಯೂ ಜೆರ್ಸಿಯಿಂದ ಬರುತ್ತಿದ್ದಾರೆ. ಅಲ್ಲಿ ಫರ್ಮನ್ ಕಂಪನಿಯ ಕಂಡಿಷನರ್ ಕಡಿಮೆಗೆ ಸಿಗುತ್ತದಂತೆ. ತರಿಸಲಾ?

ಮೇಷ್ಟ್ರು: ಬೇಡ. ಅಲ್ಲಿಯದು 120 ವೋಲ್ಟಿನದು. ಇಲ್ಲಿ ಚುಚ್ಚಿದರೆ ಒಳಗಿನ ಸರ್ಜ್ ಭಾಗ ಸುಡಬಹುದು. ಅದೇ ಕಂಪನಿಯ 230 ವೋಲ್ಟ್ ಮಾದರಿಗಳ ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ಇ’ ಅಕ್ಷರ ಇರುತ್ತದೆ. ಆದರೂ ಹಿಂದಿನ ಲೇಬಲ್ ಓದಿಯೇ ತಗೊಳ್ಳಿ.

ಹಾರ್ಮೋನಿಯಂ, ಧಾರವಾಡ: ಮೇಷ್ಟ್ರೇ, ಎಲೆಕ್ಟ್ರಾನಿಕ್ ತಂಬೂರಿಗೂ ಕಂಡಿಷನರ್ ಬೇಕಾ?

ಗಾಯನ ಮತ್ತು ಗಿಟಾರ್, ತಿಪಟೂರು: ಸರ್, ನನ್ನದು ಬೇರೆ ತೊಂದರೆ. ಗಿಟಾರ್ ಹಿಡಿದು ಹಾಡುವಾಗ ತುಟಿ ಮೈಕಿಗೆ ತಾಗಿದರೆ ಚುರ್ ಅನ್ನುತ್ತದೆ. ಕೆಲವು ದಿನ ಏನೂ ಇರಲ್ಲ. ಹೋದ ವಾರ ಮಾತ್ರ ಎಸೆದ ಹಾಗೆ ಆಯಿತು, ಹಲ್ಲು ಜುಮ್ ಅಂತು. ಗಿಟಾರ್ ಆಂಪ್ ವೇದಿಕೆ ಮೇಲೆ, ಶಾಮಿಯಾನದವರ ಬೋರ್ಡಿನಲ್ಲಿ. ಮಿಕ್ಸರ್ ಮುಂದೆ, ಶಾಲೆಯ ಕಟ್ಟಡದ ಲೈನಿನಲ್ಲಿ. ಎಂಟು ಸಾಕೆಟ್ಟಿನ ಕಂಡಿಷನರ್ ತಗೊಂಡರೆ ನಿಲ್ಲುತ್ತದಾ? ನಾಳೆ ಸಂಜೆ ಅದೇ ಜಾಗದಲ್ಲಿ ಕಾರ್ಯಕ್ರಮ ಇದೆ.

ಮೇಷ್ಟ್ರು: ನಿಲ್ಲುವುದಿಲ್ಲ. ದಯವಿಟ್ಟು ಇದನ್ನು ಪೂರ್ತಿ ಓದಿ.

ಗಿಟಾರಿನ ತಂತಿ, ಅದರ ಕೇಬಲ್ಲಿನ ಹೊರ ಜಾಲರಿಯ ಮೂಲಕ ಆಂಪಿನ ಲೋಹದ ಮೈಗೆ ಸೇರಿರುತ್ತದೆ. ಮೈಕಿನ ಜಾಲರಿ ಹಾಗೆಯೇ ಮಿಕ್ಸರಿನ ಮೈಗೆ ಸೇರಿರುತ್ತದೆ. ಎರಡಕ್ಕೂ ಒಂದೇ ಅರ್ಥ್ ಇದ್ದರೆ ನಡುವೆ ವೋಲ್ಟೇಜ್ ಇರುವುದಿಲ್ಲ. ನಿಮ್ಮಲ್ಲಿ ಎರಡು ಕಡೆಯಿಂದ ಕರೆಂಟ್ ಬಂದಿದೆ. ಬೆರಳು ಒಂದು ಕಡೆ, ತುಟಿ ಇನ್ನೊಂದು ಕಡೆ. ನಡುವೆ ಇರುವುದು ನಿಮ್ಮ ಎದೆ.

ಬರೀ ಚುರ್ ಅನ್ನುವುದಾದರೆ ಅರ್ಥ್ ಇಲ್ಲದ ಅಡಾಪ್ಟರಿನ ಫಿಲ್ಟರ್ ಸೋರಿಕೆ ಇರಬಹುದು. ಅದಕ್ಕೆ ಬಲ ಕಡಿಮೆ. ಆದರೆ ‘ಕೆಲವು ದಿನ ಏನೂ ಇಲ್ಲ, ಒಂದು ದಿನ ಎಸೆದ ಹಾಗೆ’ ಅಂದಿರಲ್ಲ, ಅದು ನನಗೆ ಭಯ ಹುಟ್ಟಿಸುತ್ತಿದೆ. ಶಾಮಿಯಾನದವರ ಬೋರ್ಡಿಗೆ ಪ್ಲಗ್ ಇದೆಯಾ, ಅಥವಾ ಎರಡು ವೈರನ್ನು ಬರಿಗೈಲಿ ಸಾಕೆಟ್ಟಿಗೆ ಚುಚ್ಚಿ ಬೆಂಕಿಕಡ್ಡಿ ಸಿಗಿಸುತ್ತಾರಾ? ಹಾಗೆ ಚುಚ್ಚಿದರೆ ಫೇಸ್ ಯಾವ ಕಡೆ ಬೀಳುತ್ತದೆ ಅಂತ ಹೇಳಲಾಗದು. ಬೋರ್ಡಿನೊಳಗೆ ಯಾರಾದರೂ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಿದ್ದರೆ, ಸರಿಯಾಗಿ ಚುಚ್ಚಿದ ದಿನ ನಿಮಗೆ ಏನೂ ಗೊತ್ತಾಗುವುದಿಲ್ಲ. ತಿರುಗಿಸಿ ಚುಚ್ಚಿದ ದಿನ ಆಂಪಿನ ಮೈಗೆ ಪೂರ್ತಿ 230 ವೋಲ್ಟ್. ಗಿಟಾರಿನ ತಂತಿಗೂ ಅಷ್ಟೇ.

ನಾಳೆ ವೇದಿಕೆ ಜೋಡಿಸಿದ ಮೇಲೆ ಲೈಸೆನ್ಸ್ ಇರುವ ವೈರ್‌ಮ್ಯಾನ್ ಒಬ್ಬರನ್ನು ಕರೆಸಿ. ಆಂಪಿನ ಪ್ಲಗ್ ಹಾಕುವ ಮೊದಲೇ ಗಿಟಾರನ್ನು ಅದಕ್ಕೆ ಸೇರಿಸಿ ಸ್ಟ್ಯಾಂಡಿನಲ್ಲಿಡಿ, ಆಮೇಲೆ ಗಿಟಾರನ್ನೂ ಆಂಪನ್ನೂ ಯಾರೂ ಮುಟ್ಟಬಾರದು. ಮಲ್ಟಿಮೀಟರನ್ನು ಎಸಿಯ ದೊಡ್ಡ ರೇಂಜಿಗೆ ಹಾಕಿ, ಒಂದು ಕಡ್ಡಿ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ. ಏನಾದರೂ ತೋರಿಸಿದರೆ ಅದೇ ಎರಡು ಜಾಗದ ನಡುವೆ 15 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬನ್ನು ಟೆಸ್ಟ್ ಲ್ಯಾಂಪಾಗಿ ಹಿಡಿಯಲು ಹೇಳಿ. ಬಲ್ಬ್ ಹಿಡಿದಾಗ ರೀಡಿಂಗ್ ಬಿದ್ದುಹೋದರೆ ಸೋರಿಕೆ. ಬಲ್ಬ್ ಉರಿದರೆ ಸಾವು. ಆಮೇಲೆ ಬೋರ್ಡಿನಲ್ಲಿ ಫೇಸ್-ನ್ಯೂಟ್ರಲ್, ಫೇಸ್-ಅರ್ಥ್, ನ್ಯೂಟ್ರಲ್-ಅರ್ಥ್ ಮೂರೂ ಅಳೆದು ಇಲ್ಲಿ ಹಾಕಿ.

ಪರಿಹಾರ ಒಂದೇ. ವೇದಿಕೆ ಮತ್ತು ಮಿಕ್ಸರ್ ಎರಡಕ್ಕೂ ಒಂದೇ ಜಾಗದಿಂದ, ಒಂದೇ ಫೇಸಿನಿಂದ, ಒಂದೇ ಅರ್ಥಿನ ಜೊತೆ ಲೈನ್ ಎಳೆಯಬೇಕು. ಆ ಲೈನ್ ಶುರುವಾಗುವ ಕಡೆ 30 ಮಿಲಿಆಂಪಿಯರ್ ಆರ್‌ಸಿಸಿಬಿ ಇರಬೇಕು, ಅದರ ‘ಟಿ’ (ಟೆಸ್ಟ್) ಬಟನ್ ಒತ್ತಿದರೆ ಬೀಳುತ್ತದಾ, ಅಂದರೆ ಕಟ್ ಆಗುತ್ತದಾ ಅಂತ ನೋಡಬೇಕು. ಅಳೆದು ಸರಿ ಇದೆ ಅಂತ ಗೊತ್ತಾಗುವವರೆಗೆ ಗಿಟಾರ್ ಹಿಡಿಯಬೇಡಿ. ಸೋರಿಕೆ ಅಷ್ಟೇ ಅಂತ ಖಚಿತವಾದರೆ ನಾಳೆಯ ಮಟ್ಟಿಗೆ ವೈರ್‌ಲೆಸ್ ಮೈಕಿನಲ್ಲಿ ಹಾಡಿ, ಅದರಲ್ಲಿ ಮಿಕ್ಸರಿಗೆ ತಂತಿಯ ದಾರಿ ಇರುವುದಿಲ್ಲ.

ರಿದಮ್ ಪ್ಯಾಡ್, ಮಂಡ್ಯ: ತಿಪಟೂರಿನ ಅಣ್ಣ, ನಮಗೆ ಬಂದ ಫಾರ್ವರ್ಡ್ ಇದು: ‘ಮೈಕಿಗೆ ಸ್ಪಂಜ್ ಹಾಕಿ, ಕಾಲಿಗೆ ರಬ್ಬರ್ ಚಪ್ಪಲಿ ಹಾಕಿ, ಶಾಕ್ ಹೊಡೆಯಲ್ಲ.’ ಎಷ್ಟೋ ಜನ ಮಾಡುತ್ತಾರೆ.

ಮೇಷ್ಟ್ರು: ಕರೆಂಟ್ ಕೈಯಿಂದ ತುಟಿಗೆ ಹೋಗುತ್ತಿದೆ, ಕಾಲಿಗೆ ಅಲ್ಲ. ಚಪ್ಪಲಿ ಏನು ಮಾಡುತ್ತದೆ? ಸ್ಪಂಜ್ ಬೆವರು, ಎಂಜಲಿನಲ್ಲಿ ಒದ್ದೆಯಾಗುತ್ತದೆ. ಇಂಥವನ್ನು ಇಲ್ಲಿ ಹಾಕಬೇಡಿ.

ಬೇಸ್ ಗಿಟಾರ್, ಬೆಂಗಳೂರು: ನನ್ನ ಟ್ಯೂಬ್ ಆಂಪಿಗೆ ಐಸೋಲೇಷನ್ ಟ್ರಾನ್ಸ್‌ಫಾರ್ಮರ್, ದಪ್ಪ ಪವರ್ ಕೇಬಲ್ ಹಾಕಿದ ಮೇಲೆ ಲೋ ಎಂಡ್ ಎಷ್ಟೋ ಬಿಗಿಯಾಯಿತು. ಚಿಕ್ಕ ಕಂಡಿಷನರ್ ಎಲ್ಲ ದಂಡ.

ಆರ್ಕೆಸ್ಟ್ರಾ, ದಾವಣಗೆರೆ: ನಿಮ್ಮ ಲೋ ಎಂಡ್ ಬೆಂಗಳೂರಿನ ಹಾಲಿನಲ್ಲಿ ಇಟ್ಟುಕೊಳ್ಳಿ. ನಾವು ಹಳ್ಳಿಯಲ್ಲಿ ಮಾಡುವವರು. ಸರ್ವೋ ಸ್ಟೆಬಿಲೈಸರ್ ಇಲ್ಲದೆ ನಾನು ವ್ಯಾನ್ ಹತ್ತಲ್ಲ. 170ಕ್ಕೆ ಬಿದ್ದರೂ 230 ಕೊಡುತ್ತದೆ.

ಬೇಸ್ ಗಿಟಾರ್, ಬೆಂಗಳೂರು: ಅದನ್ನು ಹೊರಲು ಇಬ್ಬರು ಬೇಕು. ಇಲ್ಲಿ ಕೇಳುತ್ತಿರುವುದು ಕಾಂಪ್ಯಾಕ್ಟ್ ಪೆಟ್ಟಿಗೆ ಬಗ್ಗೆ. ಪ್ರಶ್ನೆ ಓದಿ.

ಆರ್ಕೆಸ್ಟ್ರಾ, ದಾವಣಗೆರೆ: ಓದಿಯೇ ಹೇಳಿದೆ. ನಿಮಗೆ ಹೊರಲು ಆಗಲ್ಲ ಅಂದರೆ ನಮ್ಮ ಹುಡುಗರು ಹೊರುತ್ತಾರೆ.

ಮೇಷ್ಟ್ರು: ಇಬ್ಬರೂ ಸಾಕು. ಸರ್ವೋ ಒಳಗೆ ಮೋಟಾರ್ ತಿರುಗಿ ವೋಲ್ಟೇಜ್ ಸರಿ ಮಾಡುತ್ತದೆ. ನಿಧಾನ ಏರಿಳಿತಕ್ಕೆ ಒಳ್ಳೆಯದು. ನ್ಯೂಟ್ರಲ್ ಬಿಟ್ಟಾಗ ಏರುವ ವೇಗಕ್ಕೆ ಅದು ಸಾಲದು, ಅದರಲ್ಲೂ ಹೈ ಕಟ್ (ವೋಲ್ಟೇಜ್ ಜಾಸ್ತಿ ಆದರೆ ತಾನೇ ಕಟ್ ಆಗುವುದು) ಇರಬೇಕು. ಹಳೇ ಟ್ರಾನ್ಸ್‌ಫಾರ್ಮರ್ ಮಿಕ್ಸರ್, ಟ್ಯೂಬ್ ಆಂಪ್ ಇದ್ದವರಿಗೆ ಅದು ಬೇಕು. 100–240 ಅಡಾಪ್ಟರ್ ಇರುವವರಿಗೆ ಬೇಡ. ಇನ್ನು ಪವರ್ ಕೇಬಲ್: ಲೋ ಎಂಡ್‌ಗೆ ಅಲ್ಲ, ಬೀಳುವ ವೋಲ್ಟಿಗೆ ದಪ್ಪ ಬೇಕು. 50 ಮೀಟರ್ ದೂರ, 10 ಆಂಪಿಯರ್ ಲೋಡ್ ಇದ್ದರೆ 1.5 ಚದರ ಮಿಲಿಮೀಟರ್ ತಾಮ್ರದಲ್ಲಿ ಹೋಗಿ ಬರುವಾಗ ಸುಮಾರು 12 ವೋಲ್ಟ್ ಕಳೆದುಹೋಗುತ್ತದೆ. 2.5ರಲ್ಲಿ ಸುಮಾರು 7. ತೆಳು 0.75ರಲ್ಲಿ 24ರ ಹತ್ತಿರ. ಸುರುಳಿ ಸುತ್ತಿದ ವೈರನ್ನು ಪೂರ್ತಿ ಬಿಚ್ಚದೆ ದೊಡ್ಡ ಲೋಡ್ ಹಾಕಿದರೆ ಬಿಸಿಯಾಗಿ ಕರಗಬಹುದು.

ಯಕ್ಷಗಾನ ಮೇಳ, ಕುಂದಾಪುರ: ಸೋಲಾರ್ ಇನ್ವರ್ಟರ್ ಮೇಲೆ ಇಡೀ ರಾತ್ರಿ ಮೈಕ್ ಸೆಟ್ ನಡೆಸಬಹುದಾ? ಅದರ ಮುಂದೆ ಕಂಡಿಷನರ್ ಹಾಕಬೇಕಾ?

ಕೀಬೋರ್ಡ್, ಕಲಬುರಗಿ: ಅಮೆರಿಕದಿಂದ ತರಿಸಿದ್ದು ನಡೆಯುತ್ತದಾ ಸರ್?

ಮೇಷ್ಟ್ರು: ಮೇಲೆ ಹೇಳಿದ್ದೇನೆ. ಬೇಡ.

ಡಿಜೆ, ಶಿವಮೊಗ್ಗ: ಸ್ಪೀಕರಿನಲ್ಲಿ ಗುಂಯ್ ಅನ್ನುವ ಹಮ್ ಬರುತ್ತಿದ್ದರೆ ಪ್ಲಗ್ಗಿನ ದಪ್ಪ ಅರ್ಥ್ ಪಿನ್ ಕಿತ್ತರೆ ಸಾಕು, ಒಂದು ನಿಮಿಷದ ಕೆಲಸ. ಈ ಆಡಿಯೋ ಕ್ಲಿಪ್ ಕೇಳಿ, ದೊಡ್ಡ ಸೌಂಡ್ ಎಂಜಿನಿಯರ್ ಹೇಳಿದ್ದು. ಅರ್ಥ್ ಇಲ್ಲದ ಕಡೆ ನ್ಯೂಟ್ರಲ್ ಲೂಪ್ ಮಾಡಿ, ಅಂದರೆ ನ್ಯೂಟ್ರಲ್ಲನ್ನೇ ಅರ್ಥ್ ಪಿನ್ನಿಗೆ ಸೇರಿಸಿ ಅಂತಲೂ ಹೇಳಿದ್ದಾರೆ.

ಮೇಷ್ಟ್ರು: ಅಡ್ಮಿನ್, ಈ ಕ್ಲಿಪ್ ತೆಗೆಯಿರಿ. ಮೇಲೆ ತಿಪಟೂರಿನವರಿಗೆ ನಾನು ಬರೆದದ್ದು ಓದದೆ ಇದನ್ನು ಹಾಕಿದ್ದೀರಿ. ಹಮ್ ಬರುವುದು ಅರ್ಥಿಗೆ ಎರಡು ದಾರಿ ಆದಾಗ. ಸಿಗ್ನಲ್ ಕೇಬಲ್ಲಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯ ಮತ್ತು ಮಿಕ್ಸರ್ ನಡುವೆ ಹಾಕುವ ಚಿಕ್ಕ ಪೆಟ್ಟಿಗೆ) ಹಾಕಿ, ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ಲಿನ ಜಾಲರಿಯನ್ನು ಮಾತ್ರ ಬಿಡಿಸುತ್ತದೆ. ಮೇನ್ಸಿನ ಅರ್ಥ್ ಪಿನ್ ಕೀಳುವುದು, ಪ್ಲಗ್ಗಿನಲ್ಲಿ ನ್ಯೂಟ್ರಲ್ ಲೂಪ್ ಮಾಡುವುದು, ಎರಡೂ ಹಾಡುವವರ ಜೀವ ತೆಗೆಯುವ ಕೆಲಸ.

ಡಿಜೆ, ಶಿವಮೊಗ್ಗ: ಇಷ್ಟು ವರ್ಷ ಮಾಡಿದ್ದೇವೆ, ಯಾರಿಗೂ ಏನೂ ಆಗಿಲ್ಲ. ಸುಮ್ನೆ ಹೆದರಿಸಬೇಡಿ ಸರ್.

ಆರ್ಕೆಸ್ಟ್ರಾ, ದಾವಣಗೆರೆ: ಮೇಷ್ಟ್ರಿಗೆ ಎದುರು ಮಾತಾಡುವಷ್ಟು ಬೆಳೆದಿರಾ? ಕ್ಲಿಪ್ ಕಳಿಸಿದವರ ಮೈಕ್ ಮುಟ್ಟಿ ನೀವೇ ಹಾಡಿ.

ಡಿಜೆ, ಶಿವಮೊಗ್ಗ: ನಿಮ್ಮನ್ನು ಕೇಳಿಲ್ಲ.

ಅಡ್ಮಿನ್: ಕ್ಲಿಪ್ ತೆಗೆದಿದ್ದೇನೆ. ಜಗಳ ಇಲ್ಲಿ ಬೇಡ.

ಕೀಬೋರ್ಡ್, ಬಳ್ಳಾರಿ: ಐದು ಸಾವಿರದೊಳಗೆ ಯಾವ ಕಂಡಿಷನರ್ ಬೆಸ್ಟ್? ಲಿಂಕ್ ಹಾಕಿ ಸರ್.

ಕೀಬೋರ್ಡ್, ಹಾಸನ: ಮೇಷ್ಟ್ರೇ, ಇನ್ನೊಂದು ಕೇಳಲಾ? ಬಾಡಿಗೆಗೆ ಬರುವ ಚಿಕ್ಕ ಪೆಟ್ರೋಲ್ ಜನರೇಟರಿನಲ್ಲಿ ನೀವು ಹೇಳಿದ ಆರ್‌ಸಿಸಿಬಿ ಕೆಲಸ ಮಾಡುತ್ತದಾ?

ಮೇಷ್ಟ್ರು: ಒಳ್ಳೆಯ ಪ್ರಶ್ನೆ. ಹಲವು ಚಿಕ್ಕ ಜನರೇಟರುಗಳಲ್ಲಿ ನ್ಯೂಟ್ರಲ್ ಎಲ್ಲಿಗೂ ಕಟ್ಟಿರುವುದಿಲ್ಲ. ಆಗ ಮೈಗೆ ಕರೆಂಟ್ ಬಂದರೂ ಆರ್‌ಸಿಸಿಬಿ ಬೀಳದೆ ಇರಬಹುದು. ನ್ಯೂಟ್ರಲ್ ಮತ್ತು ಅರ್ಥ್ ಒಂದೇ ಒಂದು ಜಾಗದಲ್ಲಿ, ಜನರೇಟರಿನ ಬಳಿ, ಆರ್‌ಸಿಸಿಬಿಗಿಂತ ಮುಂಚೆ ಸೇರಬೇಕು. ಇದನ್ನು ವೈರ್‌ಮ್ಯಾನ್ ಮಾಡಲಿ, ನೀವಲ್ಲ. ಬೋರ್ಡಿನಲ್ಲಿ, ಪ್ಲಗ್ಗಿನಲ್ಲಿ ಸೇರಿಸುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಗಾಯನ ಮತ್ತು ಗಿಟಾರ್, ತಿಪಟೂರು: ಸರ್, ಇವತ್ತು ವೇದಿಕೆ ಜೋಡಿಸಿದ ಮೇಲೆ ವೈರ್‌ಮ್ಯಾನ್ ಬಂದು ಈಗಷ್ಟೇ ಅಳೆದರು. ಗಿಟಾರ್ ತಂತಿ ಮತ್ತು ಮೈಕ್ ನಡುವೆ 226. ಬಲ್ಬ್ ಪೂರ್ತಿ ಉರಿಯಿತು. ಬೋರ್ಡಿನಲ್ಲಿ ನ್ಯೂಟ್ರಲ್-ಅರ್ಥ್ ಸೊನ್ನೆ. ನೀವು ಕೇಳಿದ ಹಾಗೆಯೇ ಪ್ಲಗ್ ಇಲ್ಲ, ಬೆಂಕಿಕಡ್ಡಿ. ಶಾಮಿಯಾನದವರು ‘ಹಿಂದುಮುಂದು ಮಾಡಿ ಚುಚ್ಚಿದರೆ ಸರಿ ಹೋಗುತ್ತೆ’ ಅನ್ನುತ್ತಿದ್ದಾರೆ. ಗಿಟಾರ್ ಬಿಟ್ಟು ವೈರ್‌ಲೆಸ್ ಮೈಕಿನಲ್ಲಿ ಹಾಡಿದರೆ ಆಗಬಹುದಾ?

ಮೇಷ್ಟ್ರು: ಆಗದು. ತಿರುಗಿಸಿ ಚುಚ್ಚುವುದು ಪರಿಹಾರವಲ್ಲ, ನಾಳೆ ಇನ್ನೊಬ್ಬ ಮತ್ತೆ ತಿರುಗಿಸುತ್ತಾನೆ. ಆಂಪಿನ ಮೈಗೇ 226 ಬಂದಿದೆ. ವೈರ್‌ಲೆಸ್ ಮೈಕ್ ಹಿಡಿದರೂ ಒದ್ದೆ ನೆಲದ ಮೇಲೆ ನಿಂತು ಯಾರಾದರೂ ಆಂಪ್ ಮುಟ್ಟಿದರೆ ಮುಗಿಯಿತು. ಆ ಬೋರ್ಡಿಗೆ ಕರೆಂಟ್ ಬರುವ ಕಡೆ ಸ್ವಿಚ್ ಆರಿಸಿ, ವೈರ್ ಕಿತ್ತು, ಬೋರ್ಡನ್ನು ವೇದಿಕೆಯಿಂದ ಹೊರಗಿಡಿ. ವೈರ್‌ಮ್ಯಾನ್ ಇನ್ನೂ ಅಲ್ಲೇ ಇದ್ದಾರಲ್ವಾ? ಮಿಕ್ಸರ್ ಇರುವ ಲೈನಿನ ಮೂರು ರೀಡಿಂಗ್ ತೆಗೆಯಲು ಹೇಳಿ. ಅರ್ಥ್ ಸರಿ ಇದ್ದರೆ ಅಲ್ಲಿಂದಲೇ 2.5ರ ಮೂರು ಎಳೆ ಕೇಬಲ್ ವೇದಿಕೆಗೆ ಎಳೆಯಲಿ, ಆರ್‌ಸಿಸಿಬಿ ಹಾಕಿ. ಪೇಟೆಯಲ್ಲಿ ಎಲೆಕ್ಟ್ರಿಕಲ್ ಅಂಗಡಿ ತೆರೆದಿರುತ್ತದೆ, 25 ಆಂಪಿಯರ್, ಎರಡು ಪೋಲ್, 30 ಮಿಲಿಆಂಪಿಯರ್ ಅಂತ ಕೇಳಿ. ಸಮಿತಿಯವರು ತಡ ಅಂದರೆ ನನ್ನ ಹೆಸರು ಹೇಳಿ, ಫೋನ್ ಕೊಡಿ, ನಾನು ಮಾತಾಡುತ್ತೇನೆ. ರೀಡಿಂಗ್ ಹಾಕುವವರೆಗೆ ನಾನು ಬೇರೆ ಯಾರಿಗೂ ಉತ್ತರ ಕೊಡುವುದಿಲ್ಲ.

ಕೀಬೋರ್ಡ್, ಬಳ್ಳಾರಿ: ಸರ್, ಲಿಂಕ್?

ಗಾಯನ ಮತ್ತು ಗಿಟಾರ್, ತಿಪಟೂರು: ಶಾಲೆಯ ಲೈನ್: ಫೇಸ್-ನ್ಯೂಟ್ರಲ್ 231, ಫೇಸ್-ಅರ್ಥ್ 229, ನ್ಯೂಟ್ರಲ್-ಅರ್ಥ್ 2. ಹುಡುಗ ಅಂಗಡಿಗೆ ಹೋಗಿದ್ದಾನೆ.

ಮೇಷ್ಟ್ರು: ಸರಿ ಇದೆ. ಅಲ್ಲಿಂದ ಎಳೆಯಿರಿ. ‘ಟಿ’ ಬಟನ್ ಒತ್ತಿ ನೋಡಿದ ಮೇಲೆಯೇ ಆಂಪ್ ಆನ್ ಮಾಡಿ, ತಂತಿ-ಮೈಕ್ ನಡುವೆ ಇನ್ನೊಮ್ಮೆ ಅಳೆದು ತಿಳಿಸಿ.