ಆದಿತ್ಯವಾರ ಚರ್ಚ್ ಮುಗಿಸಿ ಬಂದು ಎಲೆ ಗುಡಿಸಬಹುದಾ?

ಮಿಷನ್‌ಕಂಪೌಂಡ್‌ನವಳು:
ನಾವಿರುವುದು ಮಿಶಿಗನ್‌ನ ಗ್ರ್ಯಾಂಡ್ ರಾಪಿಡ್ಸ್ ಪಕ್ಕ. ಈ ಬೇಸಿಗೆಯಲ್ಲಷ್ಟೇ ಸ್ವಂತ ಮನೆಗೆ ಬಂದೆವು. ಹಿತ್ತಲಲ್ಲಿ ದೊಡ್ಡ ಮೇಪಲ್ ಮರಗಳಿವೆ. ಬೇಲಿಯಾಚೆ ಪಕ್ಕದವರ ಕಪ್ಪು ವಾಲ್‌ನಟ್ ಮರ, ಅದರ ಕೊಂಬೆಯೆಲ್ಲ ನಮ್ಮ ಕಡೆಗೇ. ಎಲೆ ಉದುರಿ ಈಗ ಹುಲ್ಲೇ ಕಾಣುತ್ತಿಲ್ಲ, ಕಾಲಿಟ್ಟರೆ ಬೂಟು ಮುಳುಗುತ್ತದೆ.

ಇವತ್ತು ಬೆಳಿಗ್ಗೆ ಇಲ್ಲಿ ಚಳಿಗಾಲದ ಲೆಕ್ಕಕ್ಕೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಯಿತಲ್ಲ. ನಾಳೆಯಿಂದ ನಾವು ಕೆಲಸದಿಂದ ಬರುವ ಹೊತ್ತಿಗೆ ಕತ್ತಲಾಗಿರುತ್ತದೆ. ಶನಿವಾರ ಮಗನ ಸಾಕರ್, ದಿನಸಿ, ಬಟ್ಟೆ. ಉಳಿಯುವುದು ಆದಿತ್ಯವಾರ ಮಾತ್ರ. ಆರಾಧನೆ ಮುಗಿಸಿ, ಚರ್ಚಿನ ನೆಲಮಾಳಿಗೆಯಲ್ಲಿ ಬಿಸಿ ಸೇಬಿನ ಸೈಡರ್ ಕುಡಿದು, ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಕೋಳಿ ಸಾರು ಉಂಡೆವು. ಒಳ್ಳೆ ಬಿಸಿಲಿತ್ತು. ಇವರು ಎಲೆ ಊದುವ ಮಿಷನ್ ಹೊರಗೆ ತಂದರು. ಆಗ ಗಮನಿಸಿದೆ, ಇಡೀ ಬೀದಿಯಲ್ಲಿ ಒಂದು ಯಂತ್ರದ ಸದ್ದೂ ಇಲ್ಲ! ಸುಮ್ನೆ ಒಳಗಿಡಿಸಿದೆ.

ಇದು ಡಚ್ಚರ ಸೀಮೆ. ಅವರ ಕ್ರಿಶ್ಚಿಯನ್ ರಿಫಾರ್ಮ್ಡ್ ಅನ್ನುವ ಪ್ರಾಟೆಸ್ಟಂಟ್ ಸಭೆಯ ಮುಖ್ಯ ಕಚೇರಿ ಈ ಊರಲ್ಲೇ ಇದೆ. ಆದಿತ್ಯವಾರ ದೇವರು ಕೊಟ್ಟ ವಿಶ್ರಾಂತಿಯ ದಿನ ಅಂತ ಹಳೇ ಮಂದಿ ಆವತ್ತು ಹುಲ್ಲು ಕತ್ತರಿಸುವುದಿಲ್ಲವಂತೆ. ನನಗೇನೂ ಹೊಸದಲ್ಲ. ಉಡುಪಿಯಲ್ಲಿ ನಮ್ಮ ಅಜ್ಜಿ ಆದಿತ್ಯವಾರದ ಮಸಾಲೆಯನ್ನು ಶನಿವಾರವೇ ಅರೆದಿಡುತ್ತಿದ್ದರು. ಆ ದಿನ ಸೂಜಿಗೆ ದಾರ ಹಾಕಿದರೂ ಬೈಗುಳ. ನನಗೆ ಅಷ್ಟೊಂದು ಮಡಿ ಇಲ್ಲ, ಆದರೆ ಹೊಸ ಜಾಗದಲ್ಲಿ ಯಾರ ಮನಸ್ಸೂ ನೋಯಿಸುವುದು ಬೇಡ.

ಇಲ್ಲಿ ಹಳಬರಾದವರು ಹೇಳಿ: ಮಿಷನ್ ಹಾಕಬಹುದಾ? ಈ ಎಲೆಗಳನ್ನೆಲ್ಲ ಚೀಲಕ್ಕೆ ತುಂಬಲೇಬೇಕಾ? ಟೊಮೆಟೊ ತೆಗೆದ ಮಡಿಯಲ್ಲಿ ಈಗ ಬೆಳ್ಳುಳ್ಳಿ ಹಾಕಿದರೆ ತಡವಾಯಿತಾ?

ಕಲಮಜೂ ತೋಟಗಾರ:
ಚೀಲಕ್ಕೆ ಯಾಕೆ ತುಂಬುತ್ತೀರಿ? ಎಲೆ ಒಣಗಿದಾಗ ಅದರ ಮೇಲೆಯೇ ಹುಲ್ಲು ಕತ್ತರಿಸುವ ಮಿಷನ್ ಓಡಿಸಿ. ಚೂರುಚೂರಾಗಿ ಹುಲ್ಲಿನ ಬುಡಕ್ಕೆ ಇಳಿಯುತ್ತದೆ, ಅಲ್ಲೇ ಗೊಬ್ಬರವಾಗುತ್ತದೆ. ಮಿಶಿಗನ್ ಸ್ಟೇಟ್ ಯೂನಿವರ್ಸಿಟಿಯ ಹುಲ್ಲಿನ ತಜ್ಞರು ವರ್ಷಗಟ್ಟಲೆ ಪ್ರಯೋಗ ಮಾಡಿ ಹೇಳಿದ ಮಾತಿದು. ಮೇಪಲ್ ಎಲೆಯ ಚೂರು ಹಾಕಿದ ಕಡೆ ದಂಡೇಲಿಯನ್ ಕಳೆಯೂ ಕಡಿಮೆ. ಎಲೆ ತುಂಬಾ ದಪ್ಪವಾಗಿ ಬಿದ್ದಿದ್ದರೆ ಎರಡು ಸಲ ಓಡಿಸಿ. ಹುಲ್ಲಿನ ತುದಿ ಕಾಣುತ್ತಿದ್ದರೆ ಸಾಕು.

ವಾಲ್‌ನಟ್ ಎಲೆ ಮಾತ್ರ ಬೇರೆ ಮಾಡಿ. ಅದರಲ್ಲಿ ಜುಗ್ಲೋನ್ ಅನ್ನುವ ವಸ್ತು ಇರುತ್ತದೆ. ಟೊಮೆಟೊ, ಬದನೆ, ಮೆಣಸಿನ ಗಿಡಕ್ಕೆ ಅದು ಆಗಿಬರುವುದಿಲ್ಲ. ಬೇರುಗಳಲ್ಲೂ ಇರುವುದರಿಂದ ಮುಂದಿನ ವರ್ಷ ಟೊಮೆಟೊವನ್ನು ಆ ಬೇಲಿಯಿಂದ ದೂರ ಇಡಿ.

ಬೆಳ್ಳುಳ್ಳಿಗೆ ತಡವಾಗಿಲ್ಲ, ನೆಲ ಹೆಪ್ಪುಗಟ್ಟುವ ಮೊದಲು ಹಾಕಿದರಾಯಿತು. ಎಸಳು ಬಿಡಿಸಿ, ಚೂಪು ತುದಿ ಮೇಲೆ ಮಾಡಿ, 2 ಇಂಚು ಆಳ, 6 ಇಂಚು ಅಂತರ. ಮೇಲೆ ಮೇಪಲ್ ಎಲೆಯ ಚೂರು ಹೊದಿಸಿ. ಚಳಿಗಾಲದ ತಂಪು ತಾಗಿದರೇನೇ ಗಡ್ಡೆ ಎಸಳಾಗಿ ಒಡೆಯುವುದು. ಜುಲೈನಲ್ಲಿ ಕೀಳಬಹುದು. ಅಂಗಡಿಯ ಅಡುಗೆ ಬೆಳ್ಳುಳ್ಳಿ ಬೇಡ, ಇಲ್ಲಿಯವರೇ ಬೆಳೆದ ಗಟ್ಟಿ ದಂಟಿನ ತಳಿ ತನ್ನಿ.

ಅಂದಹಾಗೆ, ಹೊರಗಿನ ನಲ್ಲಿಯಿಂದ ನೀರಿನ ಪೈಪ್ ಬಿಚ್ಚಿದಿರಾ? ಎಲೆ ಮುಂದಿನ ವಾರವೂ ಕಾಯುತ್ತದೆ, ಅದು ಕಾಯುವುದಿಲ್ಲ. ಒಳಗೆ ನೀರು ಹೆಪ್ಪುಗಟ್ಟಿದರೆ ಗೋಡೆಯೊಳಗಿನ ಕೊಳವೆ ಒಡೆಯುತ್ತದೆ.

ಶಿರ್ವದ ಪೊರ್ಬು:
ನಾವು ಕ್ಯಾಥೊಲಿಕರು ಇದಕ್ಕೆ ದಾರಿ ಹುಡುಕಿ ಆಗಿದೆ. ಶನಿವಾರ ಸಂಜೆಯ ಪೂಜೆಗೆ ಹೋದರೆ ಆದಿತ್ಯವಾರದ ಲೆಕ್ಕಕ್ಕೆ ಸಂದಾಯ 😄 ಆದರೆ ನಿಮ್ಮ ಅಜ್ಜಿಯ ಎದುರು ಇದೆಲ್ಲ ನಡೆಯುವುದಿಲ್ಲ ಬಿಡಿ. ಅವರ ಸಭೆಗೆ ಬುನಾದಿ ಹಾಕಿದ, 1834ರಲ್ಲಿ ಮಂಗಳೂರಿಗೆ ಬಂದ ಪ್ರಾಟೆಸ್ಟಂಟ್ ಬಾಸೆಲ್ ಮಿಷನ್‌ನವರು ಭಾರೀ ಕಟ್ಟುನಿಟ್ಟಿನ ಜನ.

ಹಾಲೆಂಡ್‌ನಲ್ಲಿರುವ ಹಾಸನದವ:
ನಾನಿರುವುದು ನಿಮ್ಮಿಂದ ಅರ್ಧ ಗಂಟೆ ದೂರದ ಹಾಲೆಂಡ್‌ನಲ್ಲಿ. 1847ರಲ್ಲಿ ಡಚ್ಚರು ಕಟ್ಟಿದ ಊರು. ಪಕ್ಕದ ಝೀಲ್ಯಾಂಡ್‌ನಲ್ಲಿ 2006ರವರೆಗೆ ಮದ್ಯ ಮಾರಾಟಕ್ಕೇ ಅನುಮತಿ ಇರಲಿಲ್ಲ, ವಾರದ ಯಾವ ದಿನವೂ! ಈಗ ಕಾಲ ಬದಲಾಗಿದೆ. ಆದಿತ್ಯವಾರ ಹುಲ್ಲು ಕತ್ತರಿಸುವ ಮನೆಗಳು ನಮ್ಮ ಬೀದಿಯಲ್ಲೂ ಇವೆ, ಯಾರೂ ಜಗಳಕ್ಕೆ ಬರುವುದಿಲ್ಲ. ಆದರೂ ಹಳಬರಿಗೆ ಕಿರಿಕಿರಿ ಆಗುವುದು ಸದ್ದಿನಿಂದ. ನಾನು ಚರ್ಚಿಗೆ ಹೋಗುವವನಲ್ಲ, ಆದರೂ ಆ ದಿನ ಮಿಷನ್ ಮುಟ್ಟುವುದಿಲ್ಲ. ವಾರಕ್ಕೊಂದು ದಿನ ಕಿವಿಗೆ ಆರಾಮ ಸಿಕ್ಕರೆ ನಷ್ಟವೇನು? ಕೈಗೋರೆ ಹಿಡಿದು ಗುಡಿಸಿ, ಅದಕ್ಕೆ ಯಾರದ್ದೂ ತಕರಾರಿಲ್ಲ. ಊರಿನ ಅಭ್ಯಾಸದಲ್ಲಿ ಬೆಂಕಿ ಹಾಕಲು ಮಾತ್ರ ಹೋಗಬೇಡಿ, ಅದಕ್ಕೆ ಇಲ್ಲಿ ಊರಿಗೊಂದು ಕಾನೂನು.

ಮಿಷನ್‌ಕಂಪೌಂಡ್‌ನವಳು:
ಎಲ್ಲರಿಗೂ ಥ್ಯಾಂಕ್ಸ್. ಕೈಗೋರೆಯಲ್ಲೇ ಅರ್ಧ ಮುಗಿಸಿದೆವು. ಎದುರು ಮನೆಯ ಅಜ್ಜಿ ಕೋಟು ಹಾಕಿಕೊಂಡು ಬಂದೇಬಿಟ್ಟರು. ಬುದ್ಧಿ ಹೇಳಲು ಬಂದರು ಅಂದುಕೊಂಡರೆ, ಗುಲಾಬಿ ಬುಡಕ್ಕೆ ಹಾಕಲು ಎರಡು ಬುಟ್ಟಿ ಎಲೆ ಬೇಕಿತ್ತಂತೆ! ಮಗ ಹೊತ್ತು ಕೊಟ್ಟ. ಪೈಪ್ ಬಿಚ್ಚಿದ್ದಾಯಿತು, ಒಳಗೆ ನೀರು ತುಂಬಿಕೊಂಡೇ ಇತ್ತು. ಆ ಗಟ್ಟಿ ದಂಟಿನ ಬೆಳ್ಳುಳ್ಳಿ ಎಲ್ಲಿ ಸಿಗುತ್ತದೆ?

ಕಲಮಜೂ ತೋಟಗಾರ:
ನಿಮ್ಮೂರಿನ ಫುಲ್ಟನ್ ಸ್ಟ್ರೀಟ್ ರೈತರ ಸಂತೆಯಲ್ಲಿ ನೋಡಿ. ಶನಿವಾರ ಬೆಳಿಗ್ಗೆ, ಸಾಕರ್‌ಗೆ ಮೊದಲು. ದೊಡ್ಡ ಎಸಳಿನದ್ದನ್ನೇ ಆರಿಸಿ, ಸಣ್ಣ ಎಸಳಿಗೆ ಸಣ್ಣ ಗಡ್ಡೆಯೇ ಬರುವುದು.