ಅವಧಿ ಮೀರಿದ ತಂಪು ಪಾನೀಯಗಳು: ಯಾವುದನ್ನು ಕುಡಿಯಬಹುದು, ಯಾವುದನ್ನು ಚೆಲ್ಲಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಸಮಾರಂಭವೊಂದಕ್ಕೆ ತರಿಸಿದ್ದ ತಂಪು ಪಾನೀಯಗಳಲ್ಲಿ ಬಹಳಷ್ಟು ಉಳಿದುಹೋಗಿ, ಐದು ತಿಂಗಳಿನಿಂದ ಸಾಮಾನಿನ ಕೋಣೆಯಲ್ಲೇ ಇವೆ. ಕಳೆದ ವಾರ ಕೋಣೆಯನ್ನು ಸ್ವಚ್ಛಗೊಳಿಸುವಾಗ ಒಂದೊಂದನ್ನೂ ಎತ್ತಿ ದಿನಾಂಕ ನೋಡಿದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಗಳು, 250 ಮಿಲಿಲೀಟರಿನ ಸಣ್ಣ ಬಾಟಲಿಗಳು, ಅಲ್ಯೂಮಿನಿಯಂ ಕ್ಯಾನ್‌ಗಳು, ಸಕ್ಕರೆಯಿಲ್ಲದ ಕೋಲಾ ಮತ್ತು ಹಣ್ಣಿನ ರಸ ಬೆರೆಸಿದ ಕೆಲವು ಬಾಟಲಿಗಳು ಅದರಲ್ಲಿವೆ. ಕ್ಯಾನ್‌ಗಳ ಅವಧಿ ಇನ್ನೂ ಬಾಕಿಯಿದೆ. ಪ್ಲಾಸ್ಟಿಕ್ ಬಾಟಲಿಗಳ ಮೇಲೆ ಮುದ್ರಿಸಿರುವ 'ಬೆಸ್ಟ್ ಬಿಫೋರ್' ದಿನಾಂಕ ಮುಗಿದು ಸುಮಾರು ಎರಡು ತಿಂಗಳಾಗಿದೆ.

ನನಗೆ ಅರ್ಥವಾಗದ ಸಂಗತಿಯೆಂದರೆ, ಒಂದೇ ಕಂಪನಿಯ, ಒಂದೇ ದಿನಾಂಕದ, ಒಂದೇ ಪಾನೀಯವಾಗಿದ್ದರೂ ದೊಡ್ಡ ಬಾಟಲಿ ಕಲ್ಲಿನಂತೆ ಗಟ್ಟಿಯಾಗಿದೆ, ಸಣ್ಣ ಬಾಟಲಿ ಮಾತ್ರ ಹೆಬ್ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತದೆ. ಮುಚ್ಚಳದ ಮುದ್ರೆ ಎರಡರಲ್ಲೂ ಒಡೆದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಊಹೆಯ ಮೇಲೆ ನಿರ್ಧರಿಸಲು ಧೈರ್ಯವಿಲ್ಲ. ಇಷ್ಟೊಂದನ್ನು ಕಾರಣ ತಿಳಿಯದೆ ಚೆಲ್ಲುವುದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಈ ದಿನಾಂಕ ನಿಜವಾಗಿ ಏನನ್ನು ಹೇಳುತ್ತದೆ? ಬಲ್ಲವರು ದಯವಿಟ್ಟು ತಿಳಿಸಿಕೊಡಿ.

ಉತ್ತರ 1

ನಮಸ್ಕಾರ. ತಂಪು ಪಾನೀಯ ತುಂಬುವ ಘಟಕವೊಂದರ ಗುಣಮಟ್ಟ ಪರೀಕ್ಷಾ ವಿಭಾಗದಲ್ಲಿ ಹಲವು ವರ್ಷ ಕೆಲಸ ಮಾಡಿದ್ದೇನೆ. ನಿಮ್ಮ ಸಣ್ಣ ಬಾಟಲಿ ಮೆತ್ತಗಾಗಿರುವುದರಲ್ಲಿಯೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರವಿದೆ, ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಬಾಟಲಿಯನ್ನು ಗಟ್ಟಿಯಾಗಿಟ್ಟಿರುವುದು ಪ್ಲಾಸ್ಟಿಕ್ಕಿನ ದಪ್ಪವಲ್ಲ, ಒಳಗಿರುವ ಇಂಗಾಲದ ಡೈಆಕ್ಸೈಡ್ ಅನಿಲದ ಒತ್ತಡ. ಕೋಲಾದಂತಹ ಪಾನೀಯದ ಒಂದು ಲೀಟರಿನಲ್ಲಿ, ಸಾಮಾನ್ಯ ವಾಯುಭಾರದಲ್ಲಿ ಅಳೆದರೆ, ಮೂರೂವರೆಯಿಂದ ನಾಲ್ಕು ಲೀಟರಿನಷ್ಟು ಅನಿಲವನ್ನು ಕರಗಿಸಿರುತ್ತಾರೆ. ದ್ರವದಲ್ಲಿ ಎಷ್ಟು ಅನಿಲ ಕರಗುತ್ತದೆ ಎಂಬುದು ಅದರ ಮೇಲಿರುವ ಅದೇ ಅನಿಲದ ಒತ್ತಡವನ್ನು ಅವಲಂಬಿಸುತ್ತದೆ ಎಂದು ವಿಲಿಯಂ ಹೆನ್ರಿ 1803ರಲ್ಲಿ ತೋರಿಸಿದ ನಿಯಮವೇ ಈ ಉದ್ಯಮದ ಬುನಾದಿ. ಈಗಿನ ಬಾಟಲಿಗಳನ್ನು ಪೆಟ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಾರೆ. ಪೆಟ್ ನೀರನ್ನು ಚೆನ್ನಾಗಿ ಹಿಡಿದಿಡುತ್ತದೆಯಾದರೂ ಅನಿಲವನ್ನು ಪೂರ್ತಿಯಾಗಿ ತಡೆಯಲಾರದು. ಮುದ್ರೆ ಒಡೆಯದಿದ್ದರೂ ಬಾಟಲಿಯ ಗೋಡೆಯ ಮೂಲಕವೇ ಅನಿಲ ದಿನವೂ ಅಷ್ಟಷ್ಟು ಹೊರಗೆ ಸೋರುತ್ತಿರುತ್ತದೆ, ಹೊರಗಿನ ಆಮ್ಲಜನಕ ಅಷ್ಟಷ್ಟು ಒಳಗೆ ನುಸುಳುತ್ತಿರುತ್ತದೆ.

ಇನ್ನು ದೊಡ್ಡದಕ್ಕೂ ಸಣ್ಣದಕ್ಕೂ ಇರುವ ವ್ಯತ್ಯಾಸ. ಎರಡು ಲೀಟರಿನ ಬಾಟಲಿಯಲ್ಲಿ 250 ಮಿಲಿಲೀಟರಿನ ಎಂಟು ಪಟ್ಟು ಪಾನೀಯವಿದೆ. ಎರಡರ ಆಕಾರ ಒಂದೇ ಎಂದುಕೊಂಡರೆ, ದೊಡ್ಡದರ ಮೈ ವಿಸ್ತೀರ್ಣ ಸಣ್ಣದರ ಎಂಟು ಪಟ್ಟಲ್ಲ, ನಾಲ್ಕು ಪಟ್ಟು ಮಾತ್ರ. ಅಂದರೆ ಸಣ್ಣ ಬಾಟಲಿಯಲ್ಲಿ ಪ್ರತಿಯೊಂದು ಗುಟುಕಿಗೂ ಸೋರುವ ಗೋಡೆ ಇಮ್ಮಡಿಯಾಗಿದೆ. ಆದ್ದರಿಂದ ಒಂದೇ ದಿನ ತುಂಬಿದರೂ ಸಣ್ಣದು ಬೇಗ ಸಪ್ಪೆಯಾಗುತ್ತದೆ. ಕ್ಯಾನಿನ ಲೋಹವಾಗಲಿ ಗಾಜಾಗಲಿ ಅನಿಲವನ್ನು ಹೊರಗೆ ಬಿಡುವುದಿಲ್ಲ. ಆ ಕಾರಣಕ್ಕೇ ಅವುಗಳ ಮೇಲೆ ಹೆಚ್ಚು ದೀರ್ಘ ಅವಧಿಯನ್ನು ಮುದ್ರಿಸುತ್ತಾರೆ.

ನಿಮ್ಮ ಬಾಟಲಿಯ ದಿನಾಂಕ ಮುಖ್ಯವಾಗಿ ಈ ಸೋರಿಕೆಯ ಲೆಕ್ಕ. ಪಾನೀಯ ತನ್ನ ಚುರುಕು ಮತ್ತು ರುಚಿಯನ್ನು ತಯಾರಕರು ಬಯಸಿದ ಮಟ್ಟದಲ್ಲಿ ಎಲ್ಲಿಯವರೆಗೆ ಉಳಿಸಿಕೊಳ್ಳುತ್ತದೆ ಎಂಬುದನ್ನು 'ಬೆಸ್ಟ್ ಬಿಫೋರ್' ತಿಳಿಸುತ್ತದೆ. 'ಯೂಸ್ ಬೈ' ಎಂಬುದು ಬೇರೆ. ಅದು ಸುರಕ್ಷತೆಯ ಗಡಿ, ಅದನ್ನು ದಾಟಬಾರದು. ಕೋಲಾದ ಪಿಎಚ್ ಮೌಲ್ಯ, ಅಂದರೆ ಹುಳಿಯ ಅಳತೆ, ಸುಮಾರು 2.5 ಇರುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಆಹಾರದಲ್ಲಿ ಅತ್ಯಂತ ಭಯಪಡಬೇಕಾದ ಬಾಟುಲಿಸಂ ಬ್ಯಾಕ್ಟೀರಿಯಾ 4.6ಕ್ಕಿಂತ ಹೆಚ್ಚು ಆಮ್ಲೀಯವಾದ ಪದಾರ್ಥದಲ್ಲಿ ಬೆಳೆಯಲಾರದು. ಕಾಯಿಲೆ ತರುವ ಇತರ ಬ್ಯಾಕ್ಟೀರಿಯಾಗಳಿಗೂ ಅಷ್ಟು ಹುಳಿಯಲ್ಲಿ, ಅಷ್ಟು ಅನಿಲದ ನಡುವೆ ಬೆಳೆಯುವುದು ಸಾಧ್ಯವಾಗದು. ಹೀಗಾಗಿ ಮುದ್ರೆ ಗಟ್ಟಿಯಾಗಿದ್ದು, ಬಣ್ಣ, ವಾಸನೆ, ತಿಳಿತನ ಸರಿಯಿದ್ದರೆ, ಎರಡು ತಿಂಗಳು ಮೀರಿದ ಸಾದಾ ಕೋಲಾ ಸಪ್ಪೆಯಾಗಿರುವ ಸಾಧ್ಯತೆ ಹೆಚ್ಚು, ಅಪಾಯಕಾರಿಯಾಗಿರುವ ಸಾಧ್ಯತೆ ಬಹಳ ಕಡಿಮೆ. ನಾನಾದರೆ ದೊಡ್ಡ ಬಾಟಲಿಗಳನ್ನು ಇಟ್ಟುಕೊಂಡು ಬೇಗ ಮುಗಿಸುತ್ತೇನೆ, ಸಣ್ಣವನ್ನು ರುಚಿಗಾಗಿಯೇ ಬಿಟ್ಟುಬಿಡುತ್ತೇನೆ. ಹಣ್ಣಿನ ರಸ ಬೆರೆತದ್ದಕ್ಕೆ ಈ ಮಾತು ಅನ್ವಯಿಸುವುದಿಲ್ಲ.

ನಿಮ್ಮ ಸಾಮಾನಿನ ಕೋಣೆ ಎಷ್ಟು ಬಿಸಿಯಾಗುತ್ತದೆ ಎಂಬುದನ್ನು ನೀವು ಬರೆದಿಲ್ಲ. ದಿನಾಂಕಕ್ಕಿಂತಲೂ ಮುಖ್ಯವಾದ ಮಾಹಿತಿ ಅದು.

ಉತ್ತರ 2

ಆಹಾರ ರಸಾಯನಶಾಸ್ತ್ರ ಬೋಧಿಸುವವರಲ್ಲಿ ನಾನೂ ಒಬ್ಬಳು. ಮೇಲಿನ ವಿವರಣೆಯನ್ನು ಒಪ್ಪುತ್ತೇನೆ. ಆದರೆ ಸಕ್ಕರೆಯಿಲ್ಲದ ಕೋಲಾವನ್ನು ಸಕ್ಕರೆಯ ಕೋಲಾದ ಸಾಲಿನಲ್ಲಿ ಇಡಬಾರದೆಂದು ಸೇರಿಸಲು ಬಯಸುತ್ತೇನೆ.

ಸಕ್ಕರೆಯಿಲ್ಲದ ಅನೇಕ ಪಾನೀಯಗಳಿಗೆ ಸಿಹಿ ಕೊಡುವುದು ಆಸ್ಪರ್ಟೇಮ್. ಇದು ಅತ್ಯಂತ ಸ್ಥಿರವಾಗಿರುವುದು ಪಿಎಚ್ 4.3ರ ಆಸುಪಾಸಿನಲ್ಲಿ. ಕೋಲಾ ಅದಕ್ಕಿಂತ ಬಹಳ ಹುಳಿಯಾದ್ದರಿಂದ, ಬಾಟಲಿಯಲ್ಲಿ ಕುಳಿತಿರುವಾಗಲೇ ಆಸ್ಪರ್ಟೇಮ್ ನಿಧಾನವಾಗಿ ಒಡೆಯುತ್ತದೆ, ಉಷ್ಣತೆ ಏರಿದಂತೆ ಇನ್ನೂ ವೇಗವಾಗಿ ಒಡೆಯುತ್ತದೆ. ಒಡೆದ ಭಾಗಗಳಿಗೆ ಸಿಹಿಯಿಲ್ಲ. ಹಳೆಯ ಡಯಟ್ ಕೋಲಾ ಬಾಯಿಗೆ ನೀರುನೀರಾಗಿ, ಬರಿಯ ಹುಳಿಯಾಗಿ ಹತ್ತುವುದು ಇದರಿಂದಲೇ. ಸುಕ್ರಲೋಸ್ ಅಥವಾ ಅಸಿಸಲ್ಫೇಮ್ ಪೊಟ್ಯಾಸಿಯಂ ಬಳಸಿದ ಪಾನೀಯಗಳಲ್ಲಿ ಸಿಹಿ ಇಷ್ಟು ಬೇಗ ಕುಗ್ಗುವುದಿಲ್ಲ. ಲೇಬಲ್ಲಿನಲ್ಲಿ ಯಾವುದಿದೆಯೆಂದು ನೋಡಿ. ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುತೊಂದರೆ ಇರುವವರು ಹಳೆಯ ಬಾಟಲಿಯಲ್ಲಿ ಆಸ್ಪರ್ಟೇಮ್ ಉಳಿದಿಲ್ಲವೆಂದು ಭಾವಿಸಿ ಕುಡಿಯುವಂತಿಲ್ಲ, ಏಕೆಂದರೆ ಅದು ಒಡೆದಾಗ ಹೊರಬರುವ ಪದಾರ್ಥಗಳಲ್ಲಿ ಅವರು ದೂರವಿಡಬೇಕಾದ ಫಿನೈಲ್‌ಅಲನಿನ್ ಕೂಡ ಒಂದು.

ಬಿಸಿಲಿನ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಪಾನೀಯ ಕೆಡದಂತೆ ಬೆರೆಸುವ ಸೋಡಿಯಂ ಬೆನ್ಜೋಯೇಟ್ ಮತ್ತು ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಇವೆರಡೂ ಒಂದೇ ಪಾನೀಯದಲ್ಲಿದ್ದರೆ, ಶಾಖ ಮತ್ತು ಬೆಳಕಿನಲ್ಲಿ ಅತ್ಯಲ್ಪ ಪ್ರಮಾಣದ ಬೆನ್ಜೀನ್ ಉಂಟಾಗಬಹುದು. ಬೆನ್ಜೀನ್ ಕ್ಯಾನ್ಸರ್‌ಕಾರಕ, ಕುಡಿಯುವ ನೀರಿನಲ್ಲಿ ಅದು ಒಂದು ಲೀಟರಿಗೆ 10 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಈ ಸಂಗತಿ ಬೆಳಕಿಗೆ ಬಂದ ಮೇಲೆ ಅನೇಕ ತಯಾರಕರು ಪಾನೀಯದ ಸೂತ್ರವನ್ನೇ ಬದಲಿಸಿದ್ದಾರೆ. ಆದರೂ ಈ ಎರಡು ಹೆಸರುಗಳು ಒಟ್ಟಿಗೆ ಕಂಡ ಬಾಟಲಿ ತಿಂಗಳುಗಟ್ಟಲೆ ಬಿಸಿಲಿನಲ್ಲಿ ಬಿದ್ದಿದ್ದರೆ ನಾನು ಅದನ್ನು ಮಕ್ಕಳಿಗೆ ಕೊಡುವುದಿಲ್ಲ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋಣೆಯ ಪಶ್ಚಿಮದ ಗೋಡೆಗೆ ಮಧ್ಯಾಹ್ನದ ನಂತರ ಬಿಸಿಲು ಬೀಳುತ್ತದೆ. ಸಣ್ಣ ಬಾಟಲಿಗಳು ಆ ಗೋಡೆಗೇ ಒರಗಿದ್ದವು, ದೊಡ್ಡವು ಎದುರು ಬದಿಯಲ್ಲಿ ನೆರಳಿನಲ್ಲಿದ್ದವು. ಸಣ್ಣವುಗಳ ಪಕ್ಕದಲ್ಲಿಯೇ ಬಟ್ಟೆ ತೊಳೆಯುವ ಪುಡಿ ಮತ್ತು ನುಸಿಗುಳಿಗೆಯ ಡಬ್ಬಿಗಳಿದ್ದವು. ಇನ್ನೆರಡು ಸಂದೇಹಗಳಿವೆ. ಹಣ್ಣಿನ ರಸದ ಬಾಟಲಿಗಳಲ್ಲಿ ಒಂದರ ತಳ ಉಬ್ಬಿಕೊಂಡು, ನೆಟ್ಟಗೆ ನಿಲ್ಲುತ್ತಿಲ್ಲ. ಅದರಲ್ಲಿ ಗ್ಯಾಸ್ ಇರಲೇಬಾರದಲ್ಲವೇ? ಬೇಗ ತಣ್ಣಗಾಗಲೆಂದು ಮಗ ಫ್ರೀಜರಿನಲ್ಲಿಟ್ಟು ಮರೆತ ಒಂದು ಕ್ಯಾನ್ ಕೂಡ ಹೀಗೆಯೇ ಉಬ್ಬಿದೆ.

ಉತ್ತರ 3

ಎರಡೂ ಉಬ್ಬಿವೆಯಾದರೂ ಎರಡರ ಕಾರಣ ಬೇರೆ. ರಸದ ಬಾಟಲಿಯನ್ನು ರುಚಿ ನೋಡುವ ಯೋಚನೆಯನ್ನೂ ಮಾಡಬೇಡಿ. ಗ್ಯಾಸ್ ತುಂಬದ ಪಾನೀಯದಲ್ಲಿ ಗ್ಯಾಸ್ ಕಾಣಿಸಿಕೊಂಡಿತೆಂದರೆ ಯೀಸ್ಟ್‌ನಂತಹ ಸೂಕ್ಷ್ಮಜೀವಿ ಒಳಗೆ ಸೇರಿ ಸಕ್ಕರೆಯನ್ನು ಹುದುಗಿಸುತ್ತಿದೆ ಎಂದೇ ತಿಳಿಯಬೇಕು. ಯೀಸ್ಟ್ ಮತ್ತು ಬೂಷ್ಟು ಹುಳಿಗೆ ಹೆದರುವುದಿಲ್ಲ. ರಸದಲ್ಲಿರುವ ಪೋಷಕಾಂಶಗಳು ಅವಕ್ಕೆ ಒಳ್ಳೆಯ ಆಹಾರ. ಒತ್ತಡ ಹೆಚ್ಚಿರುವುದರಿಂದ ಮುಚ್ಚಳ ತಿರುಗಿಸುವಾಗ ಮುಖಕ್ಕೆ ಸಿಡಿಯಬಹುದು. ಆದ್ದರಿಂದ ದಪ್ಪ ಚೀಲದಲ್ಲಿ ಹಾಕಿ ಹಾಗೆಯೇ ವಿಲೇವಾರಿ ಮಾಡಿ. ಅದೇ ಪೆಟ್ಟಿಗೆಯ ಉಳಿದ ರಸದ ಬಾಟಲಿಗಳ ಅವಧಿಯೂ ಮುಗಿದಿದ್ದರೆ, ಉಬ್ಬದಿದ್ದರೂ, ಅವನ್ನೂ ಬಿಡುವುದು ಒಳ್ಳೆಯದು.

ಕ್ಯಾನ್ ಉಬ್ಬಿರುವುದು ಹೆಪ್ಪುಗಟ್ಟಿದ್ದರಿಂದ. ನೀರು ಮಂಜುಗಡ್ಡೆಯಾದಾಗ ಅದರ ಗಾತ್ರ ಸುಮಾರು 9 ಪ್ರತಿಶತ ಹಿಗ್ಗುತ್ತದೆ, ಮಂಜಿನಲ್ಲಿ ಜಾಗ ಸಿಗದ ಅನಿಲವೂ ಮೇಲೆ ಬಂದು ಒತ್ತುತ್ತದೆ. ಅಂಚಿನ ಹೊಲಿಗೆ ಬಿಟ್ಟುಕೊಂಡಿದ್ದರೆ ಬಿಸಾಡಿ. ಬಿಟ್ಟಿಲ್ಲವಾದರೆ ಪಾತ್ರೆಯೊಂದರಲ್ಲಿಟ್ಟು ಫ್ರಿಜ್ಜಿನ ಕೆಳಗಿನ ಅಂಕಣದಲ್ಲಿ ಪೂರ್ತಿ ಕರಗಿದ ಮೇಲೆಯೇ ತೆರೆಯಿರಿ.

ನುಸಿಗುಳಿಗೆಯ ವಿಷಯವನ್ನು ನೀವು ಬರೆದದ್ದು ಒಳ್ಳೆಯದಾಯಿತು. ಅನಿಲ ನುಸುಳುವಂತೆ ತೀಕ್ಷ್ಣವಾದ ವಾಸನೆಯೂ ಪ್ಲಾಸ್ಟಿಕ್ಕಿನೊಳಗೆ ನುಸುಳಬಲ್ಲದು. ಸಾಬೂನು, ಸೀಮೆಎಣ್ಣೆ, ಬಣ್ಣ, ಕೀಟನಾಶಕ ಇವುಗಳ ಬಳಿ ಯಾವ ಪಾನೀಯವನ್ನೂ ಇಡಬಾರದು. ಅಲ್ಲಿದ್ದ ಬಾಟಲಿ ತೆರೆದಾಗ ಸ್ವಲ್ಪವಾದರೂ ಆ ವಾಸನೆ ಬಂದರೆ ಅದನ್ನು ಕುಡಿಯಬೇಡಿ.

ಇನ್ನು, ತೆರೆದ ದೊಡ್ಡ ಬಾಟಲಿಯನ್ನು ಹಿಂಡಿ ಗಾಳಿಯನ್ನು ಹೊರಹಾಕಿ ಮುಚ್ಚಿಟ್ಟರೆ ಗ್ಯಾಸ್ ಉಳಿಯುತ್ತದೆ. ನಮ್ಮ ಮನೆಯಲ್ಲಿ ಹಾಗೆಯೇ ಮಾಡುತ್ತೇವೆ.

ಉತ್ತರ 1ರ ಲೇಖಕರಿಂದ

ಉಳಿದ ಮಾತುಗಳೆಲ್ಲ ಸರಿ. ಹಿಂಡುವ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ, ದಯವಿಟ್ಟು ತಪ್ಪು ತಿಳಿಯಬೇಡಿ. ಹಿಂಡಿದ ಬಾಟಲಿಯನ್ನು ಮುಚ್ಚಿದ ಕೂಡಲೇ ಪಾನೀಯದಿಂದ ಅನಿಲ ಹೊರಬಂದು, ಬಾಟಲಿ ಮೊದಲಿನ ಆಕಾರಕ್ಕೆ ಬರುವವರೆಗೆ ಅದನ್ನು ಉಬ್ಬಿಸುತ್ತದೆ. ಕೊನೆಗೆ ಖಾಲಿ ಜಾಗ ಮೊದಲಿನಷ್ಟೇ ಆಯಿತು, ಮತ್ತು ಅದು ತುಂಬಿಕೊಂಡದ್ದು ಪಾನೀಯದಲ್ಲಿದ್ದ ಅನಿಲದಿಂದ. ಪಂಪಿನಿಂದ ಗಾಳಿ ತುಂಬುವ ಮುಚ್ಚಳಗಳೂ ಇಷ್ಟೇ: ಕರಗಿದ ಅನಿಲವನ್ನು ಹಿಡಿದಿಡುವುದು ಇಂಗಾಲದ ಡೈಆಕ್ಸೈಡಿನದೇ ಒತ್ತಡ, ಹೊರಗಿನ ಗಾಳಿಯ ಒತ್ತಡವಲ್ಲ. ನಿಜವಾಗಿ ನೆರವಾಗುವುದು ತಂಪು ಮತ್ತು ಖಾಲಿ ಜಾಗ ಕಡಿಮೆಯಿರುವುದು. ಸಾಮಾನ್ಯ ವಾಯುಭಾರದಲ್ಲಿ ಒಂದು ಲೀಟರು ನೀರು 0 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 1.7 ಲೀಟರು ಅನಿಲವನ್ನು ಹಿಡಿದುಕೊಂಡರೆ, 20 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅದರ ಅರ್ಧದಷ್ಟನ್ನು ಮಾತ್ರ ಹಿಡಿಯುತ್ತದೆ. ಹಾಗಾಗಿ ಬಾಟಲಿಯನ್ನು ಚೆನ್ನಾಗಿ ತಣಿಸಿದ ಮೇಲೆ ತೆರೆಯಿರಿ, ಬಗ್ಗಿಸಿದೊಡನೆ ಮುಚ್ಚಿ, ಅರ್ಧಕ್ಕಿಂತ ಕೆಳಗೆ ಇಳಿದರೆ ಶುಭ್ರವಾದ ಸಣ್ಣ ಬಾಟಲಿಗೆ ಕುತ್ತಿಗೆಯವರೆಗೆ ತುಂಬಿ ಫ್ರಿಜ್ಜಿನಲ್ಲಿಟ್ಟು ಮೂರು ನಾಲ್ಕು ದಿನಗಳಲ್ಲಿ ಮುಗಿಸಿ. ಬಾಟಲಿಗೆ ಬಾಯಿಟ್ಟು ಕುಡಿದಿದ್ದರೆ ಮರುದಿನಕ್ಕೆ ಇಡಬೇಡಿ.

ಬಿಸಿಲಿನ ಗೋಡೆಯ ವಿಷಯ ಓದಿದ ಮೇಲೆ ನಿಮ್ಮ ಸಣ್ಣ ಬಾಟಲಿಗಳ ಬಗ್ಗೆ ಸಂದೇಹವೇ ಉಳಿಯಲಿಲ್ಲ. ಬಿಸಿಯಲ್ಲಿ ಒಳಗಿನ ಒತ್ತಡವೂ ಏರುತ್ತದೆ, ಪ್ಲಾಸ್ಟಿಕ್ಕಿನ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಎರಡೂ ಸೇರಿ ಅನಿಲವನ್ನು ಬೇಗ ಕಳೆಯುತ್ತವೆ. ಅವನ್ನು ಚೆಲ್ಲಿಬಿಡಿ.

ಪ್ರಶ್ನೆ ಕೇಳಿದವರಿಂದ

ನಿಮ್ಮೆಲ್ಲರ ಮಾತಿನಂತೆ ವಿಂಗಡಿಸಿದ್ದೇನೆ. ರಸದ ಬಾಟಲಿಗಳೂ ಸಣ್ಣವೂ ಹೋದವು. ಸಕ್ಕರೆಯಿಲ್ಲದ್ದರಲ್ಲಿ ಆಸ್ಪರ್ಟೇಮ್ ಇದ್ದುದರಿಂದ ಒಂದನ್ನು ತೆರೆದು ರುಚಿ ನೋಡಿದೆ, ಸಿಹಿ ಹೆಸರಿಗೆ ಮಾತ್ರ ಉಳಿದಿತ್ತು, ಅವೂ ಹೋದವು. ದೊಡ್ಡ ಬಾಟಲಿಗಳನ್ನು ಮತ್ತು ಕ್ಯಾನ್‌ಗಳನ್ನು ಕತ್ತಲಿರುವ ಒಳಕೋಣೆಯಲ್ಲಿ, ನೆಲದ ತೇವ ತಾಗದಂತೆ ಹಲಗೆಯ ಮೇಲೆ, ಮೊದಲು ಮುಗಿಸಬೇಕಾದದ್ದು ಮುಂದೆ ಬರುವಂತೆ ಜೋಡಿಸಿದ್ದೇನೆ. ಫ್ರಿಜ್ಜಿನ ಬಾಗಿಲಿನಲ್ಲಿ ಅದೇ ದಿನಾಂಕದ ಒಂದು ಸಣ್ಣ ಬಾಟಲಿ ಮೊದಲಿನಿಂದಲೂ ಇತ್ತೆಂಬುದು ಆಮೇಲೆ ನೆನಪಾಯಿತು. ತಣ್ಣಗಿದ್ದಾಗ ಅದೂ ಸ್ವಲ್ಪ ಮೆತ್ತಗಿತ್ತು. ಆದರೆ ಹೊರಗಿಟ್ಟು ಕೋಣೆಯ ಉಷ್ಣತೆಗೆ ಬಂದ ಮೇಲೆ ಒತ್ತಿ ನೋಡಿದರೆ ದೊಡ್ಡ ಬಾಟಲಿಯಷ್ಟೇ ಗಟ್ಟಿಯಾಗಿತ್ತು.