ಡೌನ್ ಸಿಂಡ್ರೋಮ್ ಇರುವ ಮಗುವಿನ ಕುತ್ತಿಗೆಯಲ್ಲಿ ಗಂಟು: ಸ್ಟೀರಾಯ್ಡ್ ಕೊಡಬಹುದಾ?

ಪ್ರಶ್ನೆ (ಸೋಮವಾರಪೇಟೆ): ಡಾಕ್ಟ್ರೇ, ಮಗನಿಗೆ 6 ವರ್ಷ, ಡೌನ್ ಸಿಂಡ್ರೋಮ್ ಇದೆ. ಕುತ್ತಿಗೆಯಲ್ಲಿ 5 ವಾರದಿಂದ ಗಂಟು, ನೋವಿಲ್ಲ. ಆಂಟಿಬಯೋಟಿಕ್‌ಗೆ ಕರಗಲಿಲ್ಲ. ಈಗ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಸಿರಪ್ ಬರೆದಿದ್ದಾರೆ. ಲಿಂಫೋಮಾ (ದುಗ್ಧಗ್ರಂಥಿಯ ಕ್ಯಾನ್ಸರ್) ಇರಬಹುದಾ?

ಉತ್ತರ (ಮಕ್ಕಳ ಕ್ಯಾನ್ಸರ್ ತಜ್ಞರು): ಸಿರಪ್ ಶುರು ಮಾಡಬೇಡಿ ಅಮ್ಮ. ಲಿಂಫೋಮಾ ಆಗಿದ್ದರೆ ಸ್ಟೀರಾಯ್ಡ್‌ಗೆ ಗಂಟು ಕೆಲವೇ ದಿನದಲ್ಲಿ ಕುಗ್ಗಿಬಿಡುತ್ತದೆ, ಕಾಯಿಲೆ ಮಾತ್ರ ಒಳಗೇ ಇರುತ್ತದೆ. ಆಮೇಲೆ ಬಯಾಪ್ಸಿ (ಗಂಟನ್ನು ತೆಗೆದು ಪರೀಕ್ಷೆ) ಮಾಡಿದರೂ ಯಾವ ಬಗೆಯದು ಎಂದು ಹೇಳುವುದು ಕಷ್ಟ.

ಡೌನ್ ಮಕ್ಕಳಲ್ಲಿ ಲಿಂಫೋಮಾ ಅಪರೂಪ. ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಮಾತ್ರ ಬೇರೆ ಮಕ್ಕಳಿಗಿಂತ ಸುಮಾರು 10ರಿಂದ 20 ಪಟ್ಟು ಹೆಚ್ಚು. ಅದಕ್ಕೇ ಮೊದಲು ಸಿಬಿಸಿ (ರಕ್ತಕಣಗಳ ಎಣಿಕೆ) ಜೊತೆ ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಸ್ಲೈಡ್ ಮೇಲೆ ಸವರಿ ನೋಡುವುದು) ಮಾಡಿಸಿ. ಯಂತ್ರದ ಎಣಿಕೆ ಸಾಲದು, ಸ್ಲೈಡನ್ನು ಪೆಥಾಲಜಿಸ್ಟ್ ನೋಡಲೇಬೇಕು. ಎದೆಯ ಎಕ್ಸ್‌ರೇ, ಎಲ್‌ಡಿಎಚ್, ಯೂರಿಕ್ ಆಸಿಡ್ ಎಂಬ ರಕ್ತಪರೀಕ್ಷೆಗಳು ಕೂಡ ಬೇಕು. ಕಿವಿ, ಗಂಟಲು, ಹಲ್ಲಿನ ಸೋಂಕಿನಿಂದಲೋ ಟಿಬಿಯಿಂದಲೋ ಗಂಟಾಗುವುದೇ ಹೆಚ್ಚು. ಆದರೆ 2 ಸೆಂ.ಮೀ. ದಾಟಿ ರಬ್ಬರಿನಂತೆ ಬಿಗಿಯಾಗಿದ್ದರೆ, ಅಥವಾ ಕಾಲರ್ ಮೂಳೆಯ ಮೇಲ್ಗಡೆ ಇದ್ದರೆ, ಇನ್ನು ಕಾಯಬಾರದು.

ಸೂಜಿ ಪರೀಕ್ಷೆಯೊಂದರಿಂದಲೇ ಲಿಂಫೋಮಾ ತೀರ್ಮಾನಿಸಲಾಗದು, ಆದಷ್ಟೂ ಇಡೀ ಗಂಟನ್ನೇ ತೆಗೆಯಬೇಕು. ತೆಗೆದದ್ದನ್ನೆಲ್ಲ ಫಾರ್ಮಲಿನ್‌ಗೆ (ಕೆಡದಂತೆ ಇಡುವ ದ್ರಾವಣ) ಹಾಕಿಬಿಟ್ಟರೆ ಟಿಬಿ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಆಗುವುದಿಲ್ಲ. ಒಂದು ತುಂಡು ಸಲೈನ್‌ನಲ್ಲಿ (ಉಪ್ಪುನೀರಿನ ದ್ರಾವಣ) ಹೋಗಲಿ ಎಂದು ಸರ್ಜನ್‌ಗೆ ಮುಂಚೆಯೇ ಹೇಳಿಡಿ.

ಅರಿವಳಿಕೆ ಕೊಡುವವರಿಗೆ ಎರಡು ವಿಷಯ ನೆನಪಿಸಿ. ಡೌನ್ ಮಕ್ಕಳ ಕತ್ತಿನ ಮೇಲಿನ ಎರಡು ಮೂಳೆಗಳ ನಡುವೆ ಸಡಿಲ ಇರಬಹುದು, ತಲೆಯನ್ನು ಹಿಂದಕ್ಕೆ ಜೋರಾಗಿ ಬಗ್ಗಿಸಬಾರದು. ಹೃದಯದ ಎಕೋ (ಸ್ಕ್ಯಾನ್) ವರದಿಯನ್ನೂ ಕೊಡಿ. ಮಲಗಿದರೆ ಉಸಿರು ಕಟ್ಟುವುದು, ಮುಖ ಊದುವುದು ಕಂಡರೆ ಎದೆಯೊಳಗೆ ಗಡ್ಡೆ ಇರಬಹುದು. ಅವತ್ತೇ ಮಡಿಕೇರಿ ಜಿಲ್ಲಾಸ್ಪತ್ರೆಗೆ ಹೊರಡಿ, ಅಂಗಾತ ಮಲಗಿಸಬೇಡಿ, ಕೂರಿಸಿಕೊಂಡೇ ಕರೆದೊಯ್ಯಿರಿ.

ಪ್ರಶ್ನೆ: ಕ್ಯಾನ್ಸರ್ ಅಂತಾದರೆ ಕಿಮೋ ತಡ್ಕೊಳ್ತಾನಾ ಡಾಕ್ಟ್ರೇ?

ಉತ್ತರ: ವಾಸಿಮಾಡುವ ಗುರಿಯಿಟ್ಟೇ ಚಿಕಿತ್ಸೆ ಕೊಡುತ್ತೇವೆ. ಡೌನ್ ಎಂಬ ಕಾರಣಕ್ಕೆ ಯಾರಾದರೂ ಬೇಡವೆಂದರೆ ಒಪ್ಪಬೇಡಿ. ಮೆಥೋಟ್ರೆಕ್ಸೇಟ್ ಎಂಬ ಕಿಮೋ ಔಷಧ ಮಾತ್ರ ಇವರಿಗೆ ಹೆಚ್ಚು ತಾಕುತ್ತದೆ, ಬಾಯಿಯೆಲ್ಲ ಹುಣ್ಣಾಗುತ್ತದೆ. ಆ ಔಷಧವನ್ನು ಜೀವಕೋಶದೊಳಗೆ ಒಯ್ಯುವ ಜೀನ್ 21ನೇ ಕ್ರೋಮೋಸೋಮ್‌ನಲ್ಲಿದೆ, ಇವರಲ್ಲಿ ಅದು ಎರಡರ ಬದಲು ಮೂರು ಪ್ರತಿ. ಆದ್ದರಿಂದ ಡೋಸ್ ನೋಡಿ ಕೊಡುತ್ತಾರೆ, ಅಗತ್ಯವಿದ್ದರೆ ಅದರ ದುಷ್ಪರಿಣಾಮ ತಗ್ಗಿಸುವ ಲ್ಯೂಕೊವೊರಿನ್ ಸೇರಿಸುತ್ತಾರೆ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಕ್ಕಳ ವಿಭಾಗವಿದೆ.

ಉತ್ತರ (ವಾರ್ಡಿನ ನರ್ಸ್): ಅಕ್ಕಾ, ಇವರಿಗೆ ದೊಡ್ಡ ಅಪಾಯ ಸೋಂಕು. ಕಿಮೋ ನಡೆಯುವಾಗ ಜ್ವರ 38 ಡಿಗ್ರಿ (100.4 ಫ್ಯಾರನ್‌ಹೀಟ್) ಮುಟ್ಟಿದರೆ ಪ್ಯಾರಸಿಟಮಾಲ್ ಕೊಟ್ಟು ಕಾಯಬೇಡಿ. ಥರ್ಮಾಮೀಟರ್ ಕಂಕುಳಲ್ಲೇ ಇಡಿ, ಗುದದಲ್ಲಿ ಬೇಡ. ಮಳೆಗಾಲದಲ್ಲಿ ರಸ್ತೆ ನಂಬಿ ಬೆಂಗಳೂರಿಗೆ ಹೊರಡಬೇಡಿ. ಮೊದಲ ಡೋಸ್ ಆಂಟಿಬಯೋಟಿಕ್ ಒಂದು ಗಂಟೆಯೊಳಗೆ ಹತ್ತಿರದ ಆಸ್ಪತ್ರೆಯಲ್ಲೇ ರಕ್ತನಾಳಕ್ಕೆ ಬೀಳಬೇಕು. ಆ ಆಂಟಿಬಯೋಟಿಕ್ ಹೆಸರು, ಡೋಸ್ ಬರೆದ ಚೀಟಿಯನ್ನು ಡಿಸ್ಚಾರ್ಜ್ ದಿನವೇ ಕೇಳಿ ತಗೊಳ್ಳಿ.